ತೇಜಸ್ ನೆಟ್‌ವರ್ಕ್ಸ್ ಷೇರಿಗೆ ಹಣ ಹಾಕಬಹುದಾ?

ಅಡಿಕೆ ಮಾರಿದ ಹಣವನ್ನು ತೇಜಸ್ ನೆಟ್‌ವರ್ಕ್ಸ್‌ನಲ್ಲಿ ಹಾಕಲಾ ಅಂತ ಕೇಳಿದ್ದೀರಿ. ಐದಾರು ವರ್ಷ ಮುಟ್ಟದೇ ಇಡುವ ಹಣವಾದರೆ ಸ್ವಲ್ಪ ಹಾಕಿ. ಬರುವ ವರ್ಷ ಮಕ್ಕಳ ಫೀಸಿಗೆ ಬೇಕಾದದ್ದಾದರೆ ಖಂಡಿತ ಬೇಡ.

ತೇಜಸ್‌ನಂತೆ ಮೊಬೈಲ್ ಟವರಿಗೆ ರೇಡಿಯೋ, ರೂಟರ್ ಮಾಡುವ ಕಂಪನಿಗೆ ಗಿರಾಕಿಗಳು ಬೆರಳೆಣಿಕೆಯ ಫೋನ್ ಕಂಪನಿಗಳು. ನಮ್ಮ ಬದಿಯಡ್ಕ ಕಡೆ ಬೋರ್‌ವೆಲ್ ಗಾಡಿ ಬಂದ ಹಾಗೆ, ಒಂದು ಬೇಸಗೆಯಲ್ಲಿ ಎಲ್ಲರ ತೋಟದಲ್ಲೂ ಕೊರೆದು ಮುಗಿದರೆ ಮರುವರ್ಷ ಕೆಲಸ ಇಲ್ಲ, ಅಲ್ವಾ? 2023ರಲ್ಲಿ ಬಿಎಸ್‌ಎನ್‌ಎಲ್‌ನ ಒಂದು ಲಕ್ಷ ಟವರ್‌ಗಳಿಗಾಗಿ ಟಿಸಿಎಸ್‌ನಿಂದ ತೇಜಸ್‌ಗೆ ಸುಮಾರು 7,492 ಕೋಟಿ ರೂಪಾಯಿಯ ಆರ್ಡರ್ ಸಿಕ್ಕಿತು. ಆದಾಯ ಒಮ್ಮೆಲೇ ಏರಿತು, ಸಾಮಾನು ಕೊಟ್ಟು ಮುಗಿಯುತ್ತಾ ಬಂದಂತೆ 2025ರಲ್ಲಿ ಅಷ್ಟೇ ಜೋರಾಗಿ ಇಳಿಯಿತು. ಏರಿದ ವರ್ಷದ ಲಾಭ ನೋಡಿ ಷೇರು ಅಗ್ಗ ಅಂದುಕೊಂಡರೆ ಪೆಟ್ಟು ಬೀಳುವುದು ಅಲ್ಲೇ.

2021ರಿಂದ ಟಾಟಾದವರ ಆಸರೆ ಇದೆ, ಅದು ದೊಡ್ಡ ಬಲ. ಆದರೂ ಮೂರು ತಿಂಗಳಿಗೊಮ್ಮೆ ಬರುವ ವರದಿಯಲ್ಲಿ ಕೈಯಲ್ಲಿರುವ ಆರ್ಡರ್ ಎಷ್ಟು, ಗಿರಾಕಿಗಳಿಂದ ಬರಬೇಕಾದ ಬಾಕಿ ಎಷ್ಟು ಅಂತ ನೋಡಿ. ನಾನು ಮೊದಲು ನೋಡುವುದು ಬಾಕಿಯನ್ನೇ, ಯಾಕೆಂದರೆ ಆ ಹಣ ಕೈಸೇರುವವರೆಗೆ ಲೆಕ್ಕದಲ್ಲಿ ಲಾಭ ಕಂಡರೂ ಕಂಪನಿ ಸಾಲ ತಂದು ಬಡ್ಡಿ ಕಟ್ಟಬೇಕಾಗುತ್ತದೆ.