ಬಾಗಲಕೋಟೆಯಲ್ಲಿ ತೆಗೆಸಿದ ಹಲ್ಲಿನ ಎಕ್ಸ್‌ರೇ ಬೆಳಗಾವಿಯಲ್ಲಿ ಯಾಕೆ ನಡೆಯುವುದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ತಂದೆಯವರ ಕೆಳಗಿನ ದವಡೆ ಹಲ್ಲಿಗೆ ಬಾಗಲಕೋಟೆಯಲ್ಲಿ ರೂಟ್ ಕೆನಾಲ್ ಆಗಿದೆ. ಈಗ ಮತ್ತೆ ನೋವು ಅಂತ ಬೆಳಗಾವಿಗೆ ಕರೆದುಕೊಂಡು ಹೋದಿರಿ. ಹಳೆಯ ಎಕ್ಸ್‌ರೇಯ ಫೋಟೋ ಮೊಬೈಲ್‌ನಲ್ಲಿ ತೋರಿಸಿದಾಗ ಡಾಕ್ಟರು, ಇದು ನಡೆಯಲ್ಲ, ಹೊಸದು ತೆಗೆಯೋಣ ಅಂದರು. ಜೊತೆಗೆ ಸಂಶೋಧನೆಗೆ ಅಂತ ಒಂದು ಒಪ್ಪಿಗೆ ಪತ್ರಕ್ಕೂ ಸಹಿ ಕೇಳಿದರು. ಇದೆಲ್ಲ ದುಡ್ಡು ಮಾಡುವ ದಾರಿಯಾ, ಎಲ್ಲ ಕಡೆ ಒಂದೇ ಥರ ತೆಗೆಯಬೇಕು ಅನ್ನೋ ನಿಯಮ ಇಲ್ವಾ ಅಂತ ನಿಮ್ಮ ಅನುಮಾನ.

ನಾನು ವಿಜಯಪುರದಲ್ಲಿ ಹಲ್ಲು, ದವಡೆಯ ಎಕ್ಸ್‌ರೇ ತೆಗೆದು ವರದಿ ಬರೆಯುವ ಕೆಲಸ ಮಾಡುತ್ತೇನೆ. ಇದೇ ಪ್ರಶ್ನೆ ನನಗೂ ದಿನಾ ಬರುತ್ತದೆ: "ಅಲ್ರೀ ಡಾಕ್ಟ್ರ, ಮೊನ್ನೆನ ತೆಗಿಸೇವಲ್ರೀ, ಮತ್ಯಾಕ?" ಬೇಡದ ಎಕ್ಸ್‌ರೇ ಬರೆದುಕೊಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ನಿಮ್ಮ ವಿಷಯದಲ್ಲಿ ಆ ಡಾಕ್ಟರು ಹೇಳಿದ್ದು ಬಹುಶಃ ಸರಿ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಸಲು ಬರಬೇಕು. ಬರದಿದ್ದರೆ ಹಳೆಯದು ಇದ್ದೂ ಇಲ್ಲದ ಹಾಗೆ.

ಯಾಕೆ ಬರುವುದಿಲ್ಲ ಅಂದರೆ, ಎಕ್ಸ್‌ರೇ ಅನ್ನುವುದು ಬರೀ ನೆರಳು. ನಡುಮಧ್ಯಾಹ್ನದಲ್ಲಿ ನಿಮ್ಮ ನೆರಳು ಗಿಡ್ಡ, ಸಂಜೆಗೆ ಉದ್ದ. ನೀವೇನೂ ಬೆಳೆದಿಲ್ಲ, ಕುಗ್ಗಿಲ್ಲ. ಹಲ್ಲಿನ ಬೇರೂ ಹಾಗೇ. ಎಕ್ಸ್‌ರೇ ಹೊರಡುವ ಟ್ಯೂಬನ್ನು ಜಾಸ್ತಿ ಓರೆ ಮಾಡಿದರೆ ಬೇರು ಗಿಡ್ಡ ಬೀಳುತ್ತದೆ, ಕಡಿಮೆ ಮಾಡಿದರೆ ಉದ್ದ ಬೀಳುತ್ತದೆ. ನಮ್ಮ ಕಡೆ ಬಹಳಷ್ಟು ಕ್ಲಿನಿಕ್‌ಗಳಲ್ಲಿ ರೋಗಿಯ ಕೈಗೇ ಫಿಲ್ಮ್ ಕೊಟ್ಟು "ಬೆರಳಿನಿಂದ ಒತ್ತಿ ಹಿಡೀರಿ" ಅಂತಾರೆ. ಕೋನ ಕಣ್ಣಳತೆಯಲ್ಲೇ ತೀರ್ಮಾನ. ಇದಕ್ಕೆ ಬೈಸೆಕ್ಟಿಂಗ್ ವಿಧಾನ ಅಂತ ಹೆಸರು. ಇನ್ನೊಂದು ಪ್ಯಾರಲಲಿಂಗ್ ವಿಧಾನ. ಫಿಲ್ಮನ್ನು ಅಥವಾ ಸೆನ್ಸರನ್ನು ಒಂದು ಹೋಲ್ಡರ್‌ಗೆ ಸಿಕ್ಕಿಸಿ ಹಲ್ಲಿಗೆ ಸಮಾನಾಂತರವಾಗಿ ನಿಲ್ಲಿಸುತ್ತಾರೆ. ಬಾಯಿಯ ಹೊರಗೆ ಬಂದ ರಿಂಗ್‌ಗೆ ಟ್ಯೂಬನ್ನು ನೇರ ಹೊಂದಿಸುತ್ತಾರೆ. ವರ್ಷ ಬಿಟ್ಟು ತೆಗೆದರೂ ಹೆಚ್ಚುಕಡಿಮೆ ಅದೇ ಕೋನ ಸಿಗುತ್ತದೆ. ಇನ್ನೂ ಪಕ್ಕಾ ಬೇಕು ಅನ್ನುವ ಸಂಶೋಧಕರು ಹೋಲ್ಡರ್ ಮೇಲೆ ಸಿಲಿಕೋನ್ ಪುಟ್ಟಿ ಹಚ್ಚಿ ರೋಗಿಯ ಕಡಿತದ ಅಚ್ಚು ತೆಗೆದು ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ಹಲ್ಲು ಅದೇ ಅಚ್ಚಿನಲ್ಲಿ ಕೂರುತ್ತದೆ.

ಹಾಗಿದ್ದರೆ ಎಲ್ಲರೂ ಹೋಲ್ಡರ್ ಬಳಸಲಿ ಅಂತ ನೀವು ಅನ್ನಬಹುದು. ಇಲ್ಲಿ ನಮ್ಮ ಭಾಗದ್ದೇ ಒಂದು ತೊಡಕಿದೆ: ಗುಟ್ಕಾ. ಅಡಿಕೆ ಜಗಿದೂ ಜಗಿದೂ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಮೂರು ಬೆರಳು ಆರಾಮಾಗಿ ಹೋಗಬೇಕಾದ ಬಾಯಿಯಲ್ಲಿ ಒಂದೂವರೆ ಬೆರಳು ಹೋಗುವುದೂ ಕಷ್ಟ. ಪಾಪ, ಅವರು "ಇಷ್ಟ ರೀ, ಇನ್ನ ಆಗೂದಿಲ್ಲ" ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಅಂಥ ಬಾಯಿಗೆ 31 ಮಿ.ಮೀ. ಅಗಲ, 41 ಮಿ.ಮೀ. ಉದ್ದದ ಮಾಮೂಲಿ ಫಿಲ್ಮ್ ಇಡುವುದೇ ಸಾಹಸ, ಹೋಲ್ಡರ್ ಎಲ್ಲಿಯ ಮಾತು? ಮಕ್ಕಳಿಗೆ ಬಳಸುವ ಚಿಕ್ಕ ಫಿಲ್ಮ್ ಇಟ್ಟು, ಕಣ್ಣಳತೆಯ ಕೋನದಲ್ಲೇ ತೆಗೆಯಬೇಕಾಗುತ್ತದೆ. ಅದರಲ್ಲಿ ತಪ್ಪಿಲ್ಲ. ಹಾಗೆ ತೆಗೆದಿದ್ದೇವೆ ಅಂತ ದಾಖಲೆಯಲ್ಲಿ ಬರೆಯದೇ ಇರುವುದು ತಪ್ಪು. ಇನ್ನು ಕೆಲವು ಅಧ್ಯಯನಗಳಲ್ಲಿ ಹೋಲ್ಡರ್ ಹಿಡಿಯದ ಬಾಯಿಗಳನ್ನು ಸುಮ್ನೆ ಕೈಬಿಡುತ್ತಾರೆ. ಆಗ ಚಿತ್ರಗಳೇನೋ ಅಚ್ಚುಕಟ್ಟಾಗಿರುತ್ತವೆ. ಆದರೆ ನಮ್ಮಲ್ಲಿ ಜಾಸ್ತಿ ಇರುವ ರೋಗಿಗಳೇ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ನನಗೆ ಇದು ಓರೆಯಾಗಿ ಬಿದ್ದ ಎಕ್ಸ್‌ರೇಗಿಂತ ದೊಡ್ಡ ದೋಷ ಅನಿಸುತ್ತದೆ.

ಈಗ ನಿಮ್ಮ ತಂದೆಯವರ ಹಲ್ಲಿಗೆ ಬರೋಣ. ಬೇರಿನ ತುದಿಯಲ್ಲಿ ಸೋಂಕಿದ್ದರೆ ಅಲ್ಲಿನ ಮೂಳೆ ಕರಗಿ ಎಕ್ಸ್‌ರೇಯಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ರೂಟ್ ಕೆನಾಲ್ ಚೆನ್ನಾಗಿ ಆಗಿದ್ದರೆ ಮೂಳೆ ನಿಧಾನವಾಗಿ ತುಂಬಿಕೊಂಡು ಮಚ್ಚೆ ಸಣ್ಣದಾಗುತ್ತದೆ. ಇದು ವಾರದಲ್ಲಿ ಆಗುವ ಕೆಲಸ ಅಲ್ಲ. ಯುರೋಪಿನ ಎಂಡೋಡಾಂಟಿಕ್, ಅಂದರೆ ರೂಟ್ ಕೆನಾಲ್ ತಜ್ಞರ ಸಂಘ 2006ರ ಮಾರ್ಗಸೂಚಿಯಲ್ಲಿ ಕನಿಷ್ಠ 1 ವರ್ಷದ ನಂತರ ನೋಡಿ, ಸಂಶಯ ಉಳಿದರೆ 4 ವರ್ಷದವರೆಗೂ ನೋಡುತ್ತಿರಿ ಅಂದಿದೆ. ಈಗ ಡಾಕ್ಟರಿಗೆ ಗೊತ್ತಾಗಬೇಕಾದದ್ದು ಒಂದೇ: ಮಚ್ಚೆ ದೊಡ್ಡದಾಗಿದೆಯಾ, ಸಣ್ಣದಾಗಿದೆಯಾ? ಹಳೆಯ ಚಿತ್ರದಲ್ಲಿ ಬೇರಿನ ತುದಿಯೇ ಕತ್ತರಿಸಿ ಹೋಗಿದ್ದರೆ ಅಥವಾ ಕೋನ ಬೇರೆ ಇದ್ದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ತುದಿಯಿಂದ ಆಚೆಗೂ ಕನಿಷ್ಠ 2–3 ಮಿ.ಮೀ. ಮೂಳೆ ಕಾಣಬೇಕು. ಇಷ್ಟೂ ಇಲ್ಲದ ಐಒಪಿಎಗಳು, ಅಂದರೆ ಒಂದೆರಡು ಹಲ್ಲಿನ ಚಿಕ್ಕ ಎಕ್ಸ್‌ರೇಗಳು, ನನ್ನ ಮೇಜಿಗೆ ಎಷ್ಟು ಬರುತ್ತವೆ ಅಂತ ಕೇಳಬೇಡಿ.

ಮೊಬೈಲ್ ಫೋಟೋ ಅನ್ನೋದು ಬೇರೆಯೇ ಗೋಳು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೋ ಹೊಡೆದಿರುತ್ತಾರೆ, ಇಲ್ಲವೇ ಕಂಪ್ಯೂಟರ್ ಪರದೆಯ ಫೋಟೋ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಆ್ಯಪ್ ಇನ್ನಷ್ಟು ಕುಗ್ಗಿಸುತ್ತದೆ. ಮೂಳೆಯ ನವಿರು ಗೆರೆಗಳು ಅಲ್ಲೇ ಮಾಯ. ಫೋಟೋದಲ್ಲಿ ಅಳತೆಯೂ ಉಳಿಯುವುದಿಲ್ಲ. ಬೇರೂ ಸೇರಿ ಹಲ್ಲು 20 ಮಿ.ಮೀ. ಉದ್ದ ಇದೆಯೋ 22 ಇದೆಯೋ ಹೇಳಲು ಆಗಲ್ಲ. ಇದಕ್ಕೆಂದೇ ಡೈಕಾಮ್ ಅನ್ನುವ ಫೈಲ್ ಪದ್ಧತಿ ಇದೆ. ಈಗಿನ ರೂಪದಲ್ಲಿ ಅದು 1993ರಿಂದ ಬಳಕೆಯಲ್ಲಿದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2016ರ ಎಲೆಕ್ಟ್ರಾನಿಕ್ ದಾಖಲೆಗಳ ಮಾನದಂಡವೂ ಚಿತ್ರಗಳಿಗೆ ಅದನ್ನೇ ಹೇಳುತ್ತದೆ. ಡೈಕಾಮ್ ಫೈಲಿನೊಳಗೆ ಚಿತ್ರದ ಜೊತೆಗೇ ಯಾರದು, ಯಾವತ್ತಿನದು, ಯಾವ ಯಂತ್ರದ್ದು, ಒಂದು ಪಿಕ್ಸೆಲ್ ಅಂದರೆ ಎಷ್ಟು ಮಿ.ಮೀ. ಅನ್ನುವುದನ್ನೆಲ್ಲ ಇಡಲು ಜಾಗ ಇರುತ್ತದೆ. ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಮೋಸವೂ ಉಂಟು. ಚಿತ್ರ ಚಂದ ಕಾಣಲಿ ಅಂತ ಅದು ತಾನಾಗಿಯೇ ಅಂಚುಗಳನ್ನು ಚೂಪು ಮಾಡಿಬಿಡುತ್ತದೆ. ಆಗ ಹಳೇ ಫಿಲ್ಲಿಂಗ್ ಸುತ್ತ ತೆಳುವಾದ ಕಪ್ಪು ಗೆರೆ ಮೂಡಿ ಹುಳುಕಿನ ಹಾಗೆ ಕಾಣಿಸಬಹುದು. ಅದಕ್ಕೇ ಫಿಲ್ಟರ್ ಹಾಕದ ಮೂಲ ಚಿತ್ರವೂ ಉಳಿದಿರಬೇಕು.

ಹಲ್ಲಿನ ನಂಬರ್ ಕೂಡ ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಎಫ್‌ಡಿಐ, ಅಂದರೆ ವಿಶ್ವ ದಂತ ಒಕ್ಕೂಟದ ಪದ್ಧತಿ. ಅದರಲ್ಲಿ 18 ಅಂದರೆ ಮೇಲಿನ ಬಲಗಡೆಯ ಕೊನೆಯ ಹಲ್ಲು. ಅಮೆರಿಕದ ಪದ್ಧತಿಯಲ್ಲಿ ಅದೇ 18 ಅಂದರೆ ಕೆಳಗಿನ ಎಡಗಡೆಯ ಎರಡನೇ ದವಡೆ ಹಲ್ಲು. ಸಾಫ್ಟ್‌ವೇರ್‌ನ ಸೆಟ್ಟಿಂಗ್ ಒಂದು, ಡಾಕ್ಟರ ಚೀಟಿ ಇನ್ನೊಂದು ಆದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಪೂರ್ತಿ ಬಾಯಿಯ ಎಕ್ಸ್‌ರೇ, ಓಪಿಜಿ, ಇನ್ನೂ ನಾಜೂಕು. ಯಂತ್ರ ತಲೆಯ ಸುತ್ತ ತಿರುಗುತ್ತದೆ, ರೋಗಿ ಅಲ್ಲಾಡದೆ ನಿಂತಿರಬೇಕು. ಮೊದಲ ಜಗಳ ಒಡವೆಯದು. ಬೆಂಡೋಲೆ ತೆಗೆಯುತ್ತಾರೆ, ಮೂಗುತಿ ತೆಗೆಯಲು ಮನಸ್ಸಿಲ್ಲ. "ಲಗ್ನದಾಗ ಹಾಕ್ಸಿದ್ದು, ತಿರುಪು ಬರೂದಿಲ್ರೀ" ಅಂತಾರೆ. ಬೆಂಡೋಲೆ ಬಿಟ್ಟರಂತೂ ಅದರ ಮಸುಕು ನೆರಳು ಎದುರು ಬದಿಯಲ್ಲಿ, ಇರುವ ಜಾಗಕ್ಕಿಂತ ಮೇಲೆ ಬಿದ್ದು ಅಲ್ಲಿನ ಹಲ್ಲನ್ನು ಮುಚ್ಚುತ್ತದೆ. ಮುಂದಿನ ಹಲ್ಲುಗಳನ್ನು ಬೈಟ್ ಬ್ಲಾಕ್‌ನ, ಅಂದರೆ ಯಂತ್ರದಲ್ಲಿ ಕಚ್ಚಿ ಹಿಡಿಯುವ ತುಂಡಿನ ಗೀರಿನಲ್ಲೇ ಕೂರಿಸಿ ಕಚ್ಚಬೇಕು. ಮುಂದೆ ಬಂದರೆ ಮುಂದಿನ ಹಲ್ಲು ತೆಳ್ಳಗೆ, ಹಿಂದೆ ಸರಿದರೆ ದಪ್ಪ. ಗದ್ದ ತಗ್ಗಿದರೆ ಸಾಲು ಜಾಸ್ತಿ ನಕ್ಕ ಹಾಗೆ ಬಾಗುತ್ತದೆ, ಎತ್ತಿದರೆ ತಿರುಗುಮುರುಗು. ನಾಲಿಗೆಯನ್ನು ಅಂಗುಳಕ್ಕೆ ಒತ್ತದಿದ್ದರೆ ಮೇಲಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಪಟ್ಟೆ. ಇಷ್ಟೆಲ್ಲ ಸರಿ ಮಾಡಿದರೂ ಓಪಿಜಿಯಲ್ಲಿ ಚಿತ್ರ ನಿಜಕ್ಕಿಂತ ಸುಮಾರು 1.2ರಿಂದ 1.3 ಪಟ್ಟು ದೊಡ್ಡದಾಗಿರುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಅಡ್ಡಳತೆಯನ್ನಂತೂ ನಂಬಲೇಬಾರದು. ಬೇರೆ ಬೇರೆ ಯಂತ್ರದ ಓಪಿಜಿಗಳನ್ನು ಒಟ್ಟುಮಾಡಿ ಸ್ಕೇಲ್ ಇಟ್ಟು ಅಳೆದ ಪ್ರಬಂಧ ಕಂಡರೆ ನಾನು ಮುಂದೆ ಓದುವುದಿಲ್ಲ.

ಒಂದೇ ಥರ ತೆಗೆಯುವುದು ಆಗದ ಕೆಲಸವೇನಲ್ಲ. ಹಲ್ಲು ಸಾಲು ಮಾಡುವ ಆರ್ಥೊಡಾಂಟಿಕ್ಸ್‌ನವರು ತಲೆಯ ಪಕ್ಕದ ಎಕ್ಸ್‌ರೇಗೆ ಇದನ್ನು ಯಾವತ್ತೋ ಮಾಡಿ ಮುಗಿಸಿದ್ದಾರೆ. 1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್, ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ ತಲೆಯನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿ ತೆಗೆಯುವ ವಿಧಾನ ಪ್ರಕಟಿಸಿದರು. ಕಿವಿಗೆ ಎರಡು ಕಡ್ಡಿ ಕೊಟ್ಟು ತಲೆ ನಿಲ್ಲಿಸುವುದು, ಟ್ಯೂಬಿನಿಂದ ತಲೆಯ ನಡುಭಾಗಕ್ಕೆ 5 ಅಡಿ ಇಡುವುದು ಆಮೇಲೆ ರೂಢಿಯಾಯಿತು. ಒಬ್ಬ ಹುಡುಗನ ಮುಖ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯಿತು ಅಂತ ಚಿತ್ರದ ಮೇಲೆ ಚಿತ್ರ ಇಟ್ಟು ನೋಡಲು ಆದದ್ದು ಇದರಿಂದಲೇ.

ಒಪ್ಪಿಗೆ ಪತ್ರದ ವಿಷಯ. ಅವರು ಸಹಿ ಕೇಳಿದ್ದಕ್ಕೆ ನಾನಂತೂ ಖುಷಿ ಪಡುತ್ತೇನೆ. ಕೇಳದೆ ಬಳಸುವುದು ತಪ್ಪು. ಬೇಡ ಅಂದರೂ ಚಿಕಿತ್ಸೆ ನಿಲ್ಲಬಾರದು, ಸಹಿ ಹಾಕಿದ ಮೇಲೂ ಹಿಂದೆ ಸರಿಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಒಂದು ಮಾತು ಕೇಳಿ ನೋಡಿ: ಹೆಸರು ತೆಗೆಯುತ್ತೀರಾ ಅಂತ. ಫೈಲಿನಿಂದ ಹೆಸರು ತೆಗೆದು, ಚಿತ್ರದ ಮೂಲೆಯಲ್ಲೇ ಅಚ್ಚಾಗಿರುವ ಹೆಸರನ್ನು ಹಾಗೇ ಬಿಡುವುದು ಮಾಮೂಲು.

ಆ ಚಿತ್ರಗಳಿಂದ ಏನು ಪ್ರಯೋಜನ ಅಂದರೆ, ಒಂದು ಉದಾಹರಣೆ. ಹಲ್ಲು ನೋಡಿ ಮಗುವಿನ ವಯಸ್ಸು ಅಂದಾಜು ಮಾಡುವ ಡೆಮಿರ್ಜಿಯನ್ ವಿಧಾನ 1973ರದ್ದು. ಅದು ಕೆನಡಾದ ಫ್ರೆಂಚ್ ಮೂಲದ ಮಕ್ಕಳ ಎಕ್ಸ್‌ರೇಯಿಂದ ಹುಟ್ಟಿದ್ದು. ನಮ್ಮ ಮಕ್ಕಳಿಗೆ ಅದು ಎಷ್ಟು ಹೊಂದುತ್ತದೆ ಅಂತ ನೋಡಲು ನಮ್ಮ ಮಕ್ಕಳ ಚಿತ್ರಗಳೇ ಬೇಕು. ಹುನಗುಂದದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿಯವರ ಹಲ್ಲನ್ನೂ ಬೆಳಗಾವಿಯವರ ಹಲ್ಲನ್ನೂ ಹೋಲಿಸಬೇಕಾದರೆ ಎರಡೂ ಕಡೆ ತೆಗೆಯುವ ರೀತಿ ಒಂದೇ ಇರಬೇಕು. ಇಲ್ಲದಿದ್ದರೆ ನೀರಿನ ವ್ಯತ್ಯಾಸವೋ ಯಂತ್ರದ ವ್ಯತ್ಯಾಸವೋ ಹೇಗೆ ಗೊತ್ತಾಗಬೇಕು? ಈಗಿನ ಎಐಗೂ ಇದೇ ಕಾಟ. ರೋಗ ಇರುವ ಚಿತ್ರಗಳೆಲ್ಲ ಒಂದು ಆಸ್ಪತ್ರೆಯವು, ಇಲ್ಲದವು ಇನ್ನೊಂದರವು ಆದರೆ ಅದು ರೋಗವನ್ನಲ್ಲ, ಆಸ್ಪತ್ರೆಯ ಯಂತ್ರವನ್ನು ಗುರುತಿಸಲು ಕಲಿಯುತ್ತದೆ.

ನೋಡುವ ಕಣ್ಣೂ ಒಂದೇ ಇರಬೇಕು. ಬೇರಿನ ತುದಿಯ ಮಚ್ಚೆಗೆ 1986ರಲ್ಲಿ ಓರ್‌ಸ್ಟಾವಿಕ್ ಮತ್ತು ಸಂಗಡಿಗರು 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದರು. ಮಾದರಿ ಚಿತ್ರ ಪಕ್ಕದಲ್ಲಿಟ್ಟು ಇಬ್ಬರು ಬೇರೆ ಬೇರೆ ಕೂತು ಅಂಕ ಕೊಡಬೇಕು, ಆಮೇಲೆ ತಾಳೆ ನೋಡಬೇಕು.

ನಿಯಮದ ಬಗ್ಗೆ ಕೇಳಿದ್ದಿರಿ. ಯಂತ್ರಕ್ಕೆ ನಿಯಮ ಇದೆ. ಹಲ್ಲಿನ ಎಕ್ಸ್‌ರೇ ಯಂತ್ರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಅನುಮತಿ ಬೇಕು. ಚಿತ್ರ ಹೇಗಿರಬೇಕು ಅನ್ನೋದನ್ನು ಪಠ್ಯಪುಸ್ತಕ ಹೇಳುತ್ತದೆ. ಪಾಲಿಸುವುದು ತೆಗೆಯುವವರ ಕೈಯಲ್ಲಿ. ವಿಕಿರಣದ ಭಯ ಇದ್ದರೆ: ಅದನ್ನು ಅಳೆಯುವುದು ಸೀವರ್ಟ್‌ನಲ್ಲಿ. ಪ್ರಕೃತಿಯಿಂದಲೇ ನಮಗೆಲ್ಲ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್, ಅಂದರೆ 2,400 ಮೈಕ್ರೋಸೀವರ್ಟ್ ಬೀಳುತ್ತದೆ. ಒಂದು ಡಿಜಿಟಲ್ ಐಒಪಿಎಯಿಂದ ಬರುವುದು ಕೆಲವೇ ಮೈಕ್ರೋಸೀವರ್ಟ್. ಕಡಿಮೆ ಅಂತ ಸುಮ್ನೆ ತೆಗೆಯುತ್ತಾ ಹೋಗುವಂತಿಲ್ಲ, ಅದು ಬೇರೆ ಮಾತು.

ಹಾಗಾಗಿ ಡಾಕ್ಟರನ್ನು ಹೀಗೆ ಕೇಳಿ: "ಹಳೆಯದರಲ್ಲಿ ಕಾಣದ್ದು ಏನು, ಹೊಸದರಲ್ಲಿ ಏನು ನೋಡ್ತೀರಿ ಸರ್?" ಉತ್ತರ ಇದ್ದರೆ ತೆಗೆಸಿ. ಬಾಗಲಕೋಟೆಯಲ್ಲಿ ತೆಗೆದದ್ದು ಆರ್‌ವಿಜಿ, ಅಂದರೆ ಡಿಜಿಟಲ್ ಆಗಿದ್ದರೆ ಮೂಲ ಫೈಲ್ ಅವರ ಕಂಪ್ಯೂಟರಿನಲ್ಲಿ ಇನ್ನೂ ಇರಬಹುದು. ಫೋನ್ ಮಾಡಿ ಡೈಕಾಮ್ ಕೇಳಿ, ಇಮೇಲ್‌ಗೆ ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್ ಒಂದೇ ದಾರಿ ಅಂತಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಫೈಲ್ ಕುಗ್ಗುವುದಿಲ್ಲ. ಬೆಳಗಾವಿಯದ್ದನ್ನೂ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡೇ ಬನ್ನಿ, ವರ್ಷದ ನಂತರ ಮತ್ತೆ ಬೇಕಾಗುತ್ತದೆ.