ಓದುಗರು ಕೇಳಿದ್ದು: ಹಳೆ ಚಾಕು, ಹೊಸ ಕೈ

ಹೋದ ಸಲ ನಮ್ಮ ಚಾಕು ಗೆಳೆಯರ ಗುಂಪಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸಾಗರ, ಶಿವಮೊಗ್ಗ, ಬೆಂಗಳೂರಿನಲ್ಲಿ ಹರಡಿಕೊಂಡಿರುವ ಇಪ್ಪತ್ತೆರಡು ಜನ ನಾವು. ಕೆಲವರಿಗೆ ಅಡುಗೆಯ ಹುಚ್ಚು, ಕೆಲವರಿಗೆ ತೋಟದ ಹುಚ್ಚು. ಕಲ್ಲಿನ ಮೇಲೆ ಅಲಗು ಮಸೆಯುವ ಹುಚ್ಚು ಮಾತ್ರ ಎಲ್ಲರಿಗೂ ಇದೆ. ನಮಗೆ ಬಳಕೆ ತಪ್ಪಿದ ಚಾಕುವನ್ನು ಮಾರುವುದಿಲ್ಲ, ಬಳಸುವವರಿಗೆ ಕೊಡುತ್ತೇವೆ ಅಂತ ಬರೆದದ್ದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಜಾಗವೆಲ್ಲ ಅವಕ್ಕೇ.

ಅಕ್ಕಾ, ಮೂರು ವರ್ಷದ ಹಿಂದೆ ಆಸೆಪಟ್ಟು ಜಪಾನಿನ ಗ್ಯೂಟೊ, ಅಂದರೆ ಎಲ್ಲ ಕೆಲಸಕ್ಕಾಗುವ ಅಡುಗೆ ಚಾಕು ತಗೊಂಡೆ. 210 ಮಿಲಿಮೀಟರ್ ಅಲಗು. ಒಂದು ದಿನ ತೆಂಗಿನ ಚಿಪ್ಪಿನಿಂದ ಕಾಯಿ ಎಬ್ಬಿಸಲು ಹೋಗಿ ಬಾಯಿ ಎರಡು ಕಡೆ ಮುಕ್ಕಾಯಿತು. ಅವತ್ತಿನಿಂದ ಡಬ್ಬಿಯಲ್ಲೇ ಇದೆ. ಗೆಳೆಯನೊಬ್ಬ ಕೇಳುತ್ತಿದ್ದಾನೆ. ಮುಕ್ಕಾದದ್ದನ್ನು ಕೊಡಬಹುದಾ?
— ಬೆಂಗಳೂರಿನ ಓದುಗರು

ಖಂಡಿತ ಕೊಡಿ. ಆದರೆ ಮೊದಲು ಗೆಳೆಯನಿಗೆ ಮುಕ್ಕನ್ನು ತೋರಿಸಿ.

ನಿಮ್ಮ ಚಾಕು ಕೆಟ್ಟದ್ದೇನಲ್ಲ. ಅಂಥ ಉಕ್ಕು ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು ಇರುತ್ತದೆ, ಅಂದರೆ ಬಲು ಗಟ್ಟಿ. ಬಾಯಿಯನ್ನು ಒಂದೊಂದು ಪಕ್ಕಕ್ಕೆ ಸುಮಾರು 15 ಡಿಗ್ರಿಗೆ ಮಸೆದಿರುತ್ತಾರೆ. ನಮ್ಮ ಸಂತೆಯ ಸ್ಟೀಲ್ ಚಾಕು ಮೆತ್ತಗಿರುತ್ತದೆ, ಗಟ್ಟಿ ವಸ್ತು ಸಿಕ್ಕರೆ ಬಾಯಿ ಬಾಗುತ್ತದೆ. ಇದು ಬಾಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ಚಿಪ್ಪು, ಮೂಳೆ, ಫ್ರೀಜರ್‌ನಿಂದ ತೆಗೆದದ್ದು ಯಾವುದನ್ನೂ ಇದಕ್ಕೆ ಕೊಡಬಾರದು. ಹೆಚ್ಚುವಾಗ ಅಲಗನ್ನು ತಿರುಚಲೂ ಬಾರದು. ಗೆಳೆಯನಿಗೆ ಇಷ್ಟು ಹೇಳಿ.

ಮುಕ್ಕು ಅರ್ಧ ಮಿಲಿಮೀಟರಿನಷ್ಟಿದ್ದರೆ ಮನೆಯಲ್ಲೇ ಸರಿಯಾಗುತ್ತದೆ. 400ರ ಒರಟು ಕಲ್ಲಿನಲ್ಲಿ ಇಡೀ ಬಾಯಿಯನ್ನು ಸಮನಾಗಿ ಇಳಿಸಿ, ಆಮೇಲೆ 1000, ಕೊನೆಗೆ 3000ದ ನುಣುಪು ಕಲ್ಲು. ಬೀದಿಯಲ್ಲಿ ಬರುವ ಸಾಣೆಯವರ ಕೈಗೆ ಇದನ್ನು ಕೊಡಬೇಡಿ. ನಮ್ಮ ಕಬ್ಬಿಣದ ಕತ್ತಿಗೆ ಅವರ ಕೈ ಎತ್ತಿದ ಕೈ, ಅದರಲ್ಲಿ ಅನುಮಾನವಿಲ್ಲ. ಆದರೆ ಒಣ ಚಕ್ರದಲ್ಲಿ ತೆಳು ಬಾಯಿ ಬೇಗ ಕಾಯುತ್ತದೆ. ಅಂಚು ನೀಲಿಯಾದರೆ ಅಲ್ಲಿ ಹದ ಹೋಯಿತು ಅಂತಲೇ ಲೆಕ್ಕ.

ಮೊದಲು ಮುಕ್ಕು ತೋರಿಸಿ ಅಂದದ್ದಕ್ಕೆ ಕಾರಣ ಇದೆ. ಆರು ವರ್ಷದ ಹಿಂದೆ ನಾನೊಂದು ಚಾಕುವನ್ನು ಗೆಳತಿಗೆ ಕೊಟ್ಟೆ. ಹಿಡಿ ಸ್ವಲ್ಪ ಅಲ್ಲಾಡುತ್ತಿತ್ತು. ನನಗೆ ಗೊತ್ತಿತ್ತು. ಅಂಟು ಹಾಕಿದ್ದೆ, ಸಾಕು ಅಂದುಕೊಂಡು ಹೇಳಲಿಲ್ಲ. ಅವಳು ಸುವರ್ಣಗೆಡ್ಡೆ ಹೆಚ್ಚುವಾಗ ಹಿಡಿ ತಿರುಗಿತು. ಅಂಗೈಗೆ ಮೂರು ಹೊಲಿಗೆ ಬಿದ್ದವು. ಅವಳು ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅದು ಇನ್ನೂ ಜಾಸ್ತಿ ನೋಯಿಸುತ್ತದೆ. ಅವತ್ತಿನಿಂದ ನಮ್ಮಲ್ಲಿ ಪ್ರತಿ ಚಾಕುವಿನ ಜೊತೆ ಒಂದು ಚೀಟಿ ಹೋಗುತ್ತದೆ. ಯಾವ ಉಕ್ಕು, ಯಾವಾಗ ಮಸೆದದ್ದು, ಏನೇನು ಹೆಚ್ಚಿದ್ದು. ಕೊನೆಯ ಸಾಲು ಯಾವಾಗಲೂ ಒಂದೇ: ಏನು ಕೆಟ್ಟಿದೆ.

ಒಂದೇ ಚಾಕುವನ್ನು ಹತ್ತು ಮನೆಗೆ ಸುತ್ತಿಸುತ್ತೀರಿ ಅಂತ ಬರೆದಿದ್ದಿರಿ. ಯಾರಾದರೂ ಹಾಳು ಮಾಡಿದರೆ ಜಗಳ ಆಗೋದಿಲ್ವಾ ಮೇಡಂ?
— ಮೈಸೂರಿನ ಓದುಗರು

ಇಲ್ಲಿಯವರೆಗೆ ಆಗಿಲ್ಲ. ಕಳೆದುಹೋದರೆ ಸಹಿಸಲಾಗದ ಚಾಕುವನ್ನು ಹೀಗೆ ಸುತ್ತಲು ಬಿಡಬೇಡಿ ಅಂತ ಮೊದಲೇ ಹೇಳಿರುತ್ತೇವೆ. ಒಬ್ಬೊಬ್ಬರ ಹತ್ತಿರ ಹತ್ತು ದಿನ. ಚಾಕುವಿನ ಯಜಮಾನರು ಒಪ್ಪದೆ ಯಾರೂ ಮಸೆಯುವಂತಿಲ್ಲ.

ಹೋದ ಮಳೆಗಾಲ ಒಂದು ನಾಕಿರಿ ಮನೆ ಮನೆ ಸುತ್ತಲು ಹೊರಟಿತ್ತು. ಚೌಕ ಅಲಗಿನ ಜಪಾನಿ ತರಕಾರಿ ಚಾಕು, ತುಕ್ಕು ಹಿಡಿಯುವ ಉಕ್ಕು. ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ಒಂದು ಮನೆಯವರು ಎಲೆಕೋಸು ಕೂದಲೆಳೆಯ ಹಾಗೆ ಬಂತು ಅಂತ ಬರೆದರು. ಇನ್ನೊಂದು ಮನೆಯಲ್ಲಿ ಬಾಳೆಕಾಯಿ ಹೆಚ್ಚಿ ಅಲಗು ಕಪ್ಪಾಯಿತು ಅಂತ ಗಾಬರಿ. ಕಪ್ಪು ಬಂದರೆ ಏನೂ ಆಗದು, ಅದು ಉಕ್ಕಿಗೆ ಒಂದು ಹೊದಿಕೆ ಇದ್ದ ಹಾಗೆ. ಕೆಂಪು ಬಂದರೆ ಮಾತ್ರ ಎಚ್ಚರ. ನಾಲ್ಕನೇ ಮನೆಯಲ್ಲಿ ಕೆಂಪೂ ಬಂತು. ಜುಲೈ ತಿಂಗಳು, ಸಾಗರದ ಮಳೆ, ಒದ್ದೆ ಅಲಗನ್ನು ರಾತ್ರಿಯಿಡೀ ಸಿಂಕ್ ಪಕ್ಕ ಬಿಟ್ಟಿದ್ದರು. ಅವರೇ ನೋಟ್‌ಬುಕ್‌ನಲ್ಲಿ ಕ್ಷಮೆ ಕೇಳಿ, ಹೇಗೆ ತಿಕ್ಕಿ ತೆಗೆದೆ ಅಂತಲೂ ಬರೆದರು. ಅದಾದ ಮೇಲೆ ಪ್ರತಿ ಮನೆಯವರೂ ತೊಳೆದ ಕೂಡಲೇ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಯೇ ಮುಂದೆ ಕಳಿಸಿದರು.

ಐದನೇ ಮನೆಯವರು ಎರಡು ಪುಟ ಬರೆದಿದ್ದರು. ಚಾಕು ತಿರುಗಿ ಬಂದಾಗ ಯಜಮಾನರು ಆ ಎರಡು ಪುಟ ಓದಿದರು. ಮಾರನೇ ದಿನ ಚಾಕುವನ್ನು ಅವರ ಮನೆಗೇ ಕೊಟ್ಟು ಬಂದರು.

ಅಮ್ಮ ಹೋಗಿ ಎರಡು ವರ್ಷ. ಅವರ ಮೆಟ್ಟುಕತ್ತಿ ಅಟ್ಟದ ಮೇಲಿದೆ. ಹಲಸಿನ ಮರದ ಮಣೆ. ನನಗೆ ಮಂಡಿನೋವು, ನೆಲಕ್ಕೆ ಕೂರಲು ಆಗದು. ಮಗಳು ನ್ಯೂಜೆರ್ಸಿಯಲ್ಲಿ. ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ. ಇಂಥದ್ದನ್ನೂ ಯಾರಾದರೂ ತಗೊಳ್ತಾರಾ?
— ಶಿರಸಿಯ ಓದುಗರು

ತಗೊಳ್ತಾರೆ ಅಮ್ಮಾ. ನಮ್ಮ ಗುಂಪಿನಲ್ಲಿ ಜಪಾನಿ ಚಾಕುವಿಗಿಂತ ಉದ್ದನೆಯ ಸಾಲು ಇರುವುದು ನೀವು ಮೆಟ್ಟುಕತ್ತಿ ಅನ್ನುವ ಈಳಿಗೆ ಮಣೆಗೇ. ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿ ಮಾತ್ರ ಆಡುತ್ತದೆ. ಎರಡೂ ಕೈ ತರಕಾರಿ ಹಿಡಿಯಲು ಬಿಡುವಾಗಿರುತ್ತವೆ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ತೆಗೆಯುತ್ತಾ ನಾರನ್ನು ಬೆರಳಿಗೆ ಸುತ್ತಿಕೊಳ್ಳುವ ಕೆಲಸ ಇದ್ಯಲ್ಲ, ಅದನ್ನು ಎಷ್ಟೇ ಬೆಲೆಯ ಚಾಕು ಹಿಡಿದರೂ ನನಗೆ ಅಷ್ಟು ಸಲೀಸಾಗಿ ಮಾಡಲು ಬಂದಿಲ್ಲ.

ಮೊದಲು ಮಗಳಿಗೆ ಫೋನ್ ಮಾಡಿ ಕೇಳಿ. ಅಜ್ಜಿಯದು ನನಗಿರಲಿ ಅಂತ ಅವಳಿಗೆ ಅನ್ನಿಸಬಹುದು. ಕೊಟ್ಟ ಮೇಲೆ ಗೊತ್ತಾದರೆ ಎಲ್ಲರಿಗೂ ಸಂಕಟ.

ಅವಳು ಬೇಡ ಅಂದರೆ ಕೆಳಗಿಳಿಸಿ. ಅಲಗು ಮಣೆಗೆ ಸೇರುವ ಜಾಗ ಅಲ್ಲಾಡುತ್ತಾ ಅಂತ ನೋಡಿ. ಮರ ಒಣಗಿ ಸಡಿಲವಾಗಿದ್ದರೆ ಬಿದಿರಿನ ಚಕ್ಕೆ ಬಡಿಸಬೇಕು. ಬಡಗಿಗೆ ಹತ್ತು ನಿಮಿಷದ ಕೆಲಸ. ತುಕ್ಕಿಗೆ ಹುಣಸೆಹಣ್ಣು, ತೆಂಗಿನ ನಾರು, ಒಲೆ ಬೂದಿ ಸಾಕು. ತಿಕ್ಕಿದ ಕೂಡಲೇ ಒರೆಸಿ ಎಣ್ಣೆ ಹಚ್ಚಿ. ಮಣೆಯನ್ನು ಉರಿಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ. ಮಸೆಯುವುದಾದರೆ ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಆಡಿಸಬೇಕು. ತಗೊಳ್ಳುವವರ ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಅಲಗಿಗೆ ತೊಡಿಸಿಯೇ ಕೊಡಿ.

ನಮ್ಮಲ್ಲಿ ಇಪ್ಪತ್ತನಾಲ್ಕು ವರ್ಷದ ಹುಡುಗ ಒಬ್ಬ ಇದ್ದಾನೆ. ಬೆಂಗಳೂರಿನಲ್ಲಿ ಒಂದೇ ಕೋಣೆಯ ಮನೆ. ತೀರ್ಥಹಳ್ಳಿಯ ಅಜ್ಜಿಯೊಬ್ಬರ ಈಳಿಗೆ ಮಣೆ ಈಗ ಅವನ ಹತ್ತಿರ ಇದೆ. ಪ್ರತಿ ಆಯುಧಪೂಜೆಗೆ ಅದನ್ನು ತೊಳೆದು, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಫೋಟೊ ತೆಗೆದು ಅಜ್ಜಿಯ ಮಗನ ಫೋನಿಗೆ ಕಳಿಸುತ್ತಾನೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಈ ಸಲ ಅಲಗು ಹೊಳೀತಿದೆ, ಇಲ್ಲ ಮಂಕಾಗಿದೆ ಅಂತ ಹೇಳಿ ಕಳಿಸುತ್ತಾರೆ. ನಿಮ್ಮ ಅಮ್ಮನ ಮೆಟ್ಟುಕತ್ತಿಗೂ ಅಂಥ ಕೈಯನ್ನೇ ಹುಡುಕೋಣ. ಆತುರ ಬೇಡ.

ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತೆ ಅಂತಾರೆ ನಮ್ಮ ಅತ್ತೆ. ಉಡುಗೊರೆಯಾಗಿ ಕೊಡುವುದು ಹೇಗೆ?
— ಹಾಸನದ ಓದುಗರು

ನಿಮ್ಮ ಅತ್ತೆ ಹೇಳಿದಂತೆಯೇ ಮಾಡಿ. ನೆಲದ ಮೇಲೋ ಮೇಜಿನ ಮೇಲೋ ಇಡಿ, ಅವರು ಎತ್ತಿಕೊಳ್ಳಲಿ. ಯಾರ ಬೆರಳೂ ಕುಯ್ಯುವುದಿಲ್ಲ. ಚಾಕು ಸ್ನೇಹವನ್ನು ಕುಯ್ಯುತ್ತದೆ ಅನ್ನುವ ಭಯ ಯೂರೋಪಿನಲ್ಲೂ ಇದೆ. ಅಲ್ಲಿ ಚಾಕುವಿನ ಜೊತೆ ಒಂದು ನಾಣ್ಯ ಇಡುತ್ತಾರೆ. ಪಡೆದವರು ಆ ನಾಣ್ಯವನ್ನೇ ತಿರುಗಿಸಿ ಕೊಟ್ಟರೆ ಕೊಂಡುಕೊಂಡ ಹಾಗಾಯಿತು. ಜಪಾನಿನಲ್ಲಿ ಐದು ಯೆನ್ ನಾಣ್ಯ ಶುಭ. ಅಲ್ಲಿನ ಮಾತಿನಲ್ಲಿ ಐದು ಯೆನ್‌ಗೂ ನಂಟಿಗೂ ಗೋಎನ್ ಅನ್ನುವ ಒಂದೇ ಉಚ್ಚಾರ. ನಾವು ಒಂದು ರೂಪಾಯಿ ತಗೊಳ್ಳುತ್ತೇವೆ. ನನ್ನ ಡಬ್ಬಿಯಲ್ಲಿ ಅಂಥ ಹದಿನೇಳು ರೂಪಾಯಿ ಇದೆ. ಒಂದನ್ನೂ ಖರ್ಚು ಮಾಡಿಲ್ಲ.

ಊರಿಂದ ಊರಿಗೆ ಕಳಿಸುವಾಗ ಪ್ಯಾಕಿಂಗ್ ಹೇಗೆ? ಕಾನೂನಿನ ತೊಂದರೆ ಇದೆಯಾ?
— ದಾವಣಗೆರೆಯ ಓದುಗರು

ಮೊನೆಗೆ ಬಾಟಲಿಯ ಬಿರಡೆ ಚುಚ್ಚಿ. ದಪ್ಪ ರಟ್ಟನ್ನು ಮಡಚಿ ಅಲಗಿಗೆ ತೊಡಿಸಿ ಟೇಪ್ ಸುತ್ತಿ. ಗಟ್ಟಿ ಡಬ್ಬಿಯಲ್ಲಿಟ್ಟು, ಒಳಗೇನಿದೆ ಅಂತ ಕೊರಿಯರ್‌ನವರಿಗೆ ಹೇಳಿಯೇ ಕೊಡಿ. ಅಡುಗೆ, ಕೃಷಿಗೆಂದೇ ಮಾಡಿದ ಚಾಕು ಕತ್ತಿಗೆ ಚಿಂತೆ ಇಲ್ಲ. ಆದರೆ ಅಂಥ ಕೆಲಸಕ್ಕಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿವೆ. ಅಂಥವನ್ನು ನಾವು ಮುಟ್ಟುವುದಿಲ್ಲ. ಮುಖ ನೋಡದವರಿಗೆ, ಹದಿನೆಂಟು ತುಂಬದವರಿಗೆ ಯಾವ ಚಾಕುವನ್ನೂ ಕೊಡುವುದಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ಹಳೆಯ ಒಪಿನೆಲ್ 8ನೇ ನಂಬರ್ ಮಡಚು ಚಾಕು ಎರಡಿವೆ. ನಿಮ್ಮ ಗುಂಪಿಗೆ ತರಲಾ?
— ಸ್ಟುಟ್‌ಗಾರ್ಟ್‌ನ ಕನ್ನಡಿಗರು

ತನ್ನಿ ತನ್ನಿ! ಕೈಚೀಲದಲ್ಲಿ ಮಾತ್ರ ಇಡಬೇಡಿ, ವಿಮಾನಕ್ಕೆ ಬಿಡುವುದಿಲ್ಲ. ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿ ಮಡಚಿ, ಹಿಡಿಯ ಕತ್ತಿನ ಲೋಹದ ಬಳೆ ತಿರುಗಿಸಿ ಬಿಗಿದು, ಬಟ್ಟೆ ಸುತ್ತಿ ಇಡಿ. ಫ್ರಾನ್ಸಿನ ಸವೊಯ್ ಸೀಮೆಯಲ್ಲಿ 1890ರಿಂದ ಬಂದ ಚಾಕು ಇದು. ಎಂಟೂವರೆ ಸೆಂಟಿಮೀಟರ್ ಅಲಗು, ಮಾವಿನಹಣ್ಣು ಹೆಚ್ಚಲು ಹೇಳಿ ಮಾಡಿಸಿದ ಹಾಗಿದೆ. ಮರದ ಹಿಡಿ ನೀರು ಕುಡಿದರೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಹಾಗಾಗುವುದು ಖಂಡಿತ. ಆಗ ಬಳೆ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಟಕ್ ಅಂತ ತಟ್ಟಿದರೆ ಅಲಗಿನ ಮೊನೆ ಹೊರಗೆ ಇಣುಕುತ್ತದೆ. ಅದನ್ನು ಚೀಟಿಯಲ್ಲಿ ಬರೆದು ತನ್ನಿ. ಒಂದು ಸಾಗರಕ್ಕೆ, ಇನ್ನೊಂದು ಮೂರು ಹೊಲಿಗೆ ಬಿದ್ದ ನನ್ನ ಗೆಳತಿಗೆ.