ತೂಕ ಜಾಸ್ತಿ ಇರುವ ಮಗಳಿಗೆ ಪದೇ ಪದೇ ಯೂರಿನ್ ಇನ್ಫೆಕ್ಷನ್: ದಪ್ಪ ಇರೋದೇ ಕಾರಣವಾ?

ಮಗಳಿಗೆ ಹನ್ನೊಂದು ವರ್ಷ, ತೂಕ ಜಾಸ್ತಿ, ಉರಿಮೂತ್ರ ಮತ್ತೆ ಮತ್ತೆ ಬರುತ್ತಿದೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ರಾಜಾಜಿನಗರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮಕ್ಕಳ ಯೂರಿನ್ ಸ್ಯಾಂಪಲ್ ನೋಡುವುದೇ ನನ್ನ ಕೆಲಸ.

ಸಂಬಂಧ ಇದೆ. ಬೊಜ್ಜಿರುವ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಈ ಸೋಂಕು ಜಾಸ್ತಿ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸೋಂಕು ತರುವುದು ಕೊಬ್ಬಲ್ಲ, ಬ್ಯಾಕ್ಟೀರಿಯಾ. ಬಹಳ ಸಲ ಕರುಳಿನಲ್ಲೇ ಇರುವ ಇ. ಕೋಲಿ. ಅದಕ್ಕೆ ದಾರಿ ಎಲ್ಲಿ ಸಿಕ್ಕಿತು ಅಂತ ನೋಡಬೇಕು.

ಮೊದಲು ಮೋಷನ್ ಸರಿಯಾಗಿ ಆಗುತ್ತಾ ಕೇಳಿ. ಮಲ ಗಟ್ಟಿಯಾಗಿ ಕಟ್ಟಿಕೊಂಡರೆ ಅದು ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರ ಪೂರ್ತಿ ಹೋಗದೆ ಉಳಿಯುತ್ತದೆ, ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಮೇಲೆ ಶಾಲೆ. ಟಾಯ್ಲೆಟ್ ಗಲೀಜು ಅಂತ ನೀರೇ ಕುಡಿಯದೆ, ಸಂಜೆ ವ್ಯಾನ್ ಸುಮನಹಳ್ಳಿ ಟ್ರಾಫಿಕ್ ದಾಟಿ ಮನೆ ಸೇರುವವರೆಗೂ ತಡೆದುಕೊಳ್ಳುವ ಹುಡುಗಿಯರು ಎಷ್ಟಿಲ್ಲ! ಇದು ಸಣ್ಣಗಿರುವವರಿಗೂ ಒಳ್ಳೆಯದಲ್ಲ.

ಕಮೋಡ್ ಮೇಲೆ ತೊಡೆ ಸೇರಿಸಿ ಕೂತರೆ ಸ್ವಲ್ಪ ಮೂತ್ರ ಯೋನಿಯ ಒಳಗೆ ಹೋಗಿ ನಿಂತು, ಎದ್ದ ಮೇಲೆ ಚಡ್ಡಿ ಒದ್ದೆ ಮಾಡುತ್ತದೆ. ದಪ್ಪಗಿರುವ ಹುಡುಗಿಯರಿಗೆ ಈ ತೊಂದರೆ ಜಾಸ್ತಿ. ಕಾಲ ಕೆಳಗೆ ಒಂದು ಮಣೆ ಕೊಡಿ, ಮಂಡಿ ಅಗಲಿಸಿ, ಅವಸರವಿಲ್ಲದೆ ಕೂರಲಿ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಡಾಕ್ಟರಿಗೆ ತೋರಿಸಿ ಶುಗರ್ ಟೆಸ್ಟೂ ಮಾಡಿಸಿ.

"ತಿನ್ನೋದು ಕಮ್ಮಿ ಮಾಡು ಅಂದ್ರೆ ಕೇಳ್ತೀಯಾ?" ಅಂತ ನಮ್ಮ ಕೌಂಟರ್ ಮುಂದೆಯೇ ಮಗುವನ್ನು ಬೈಯುವವರಿದ್ದಾರೆ. ಮುಂದಿನ ಸಲ ಉರಿ ಬಂದಾಗ ಆ ಮಗು ಬಾಯಿ ಬಿಡುತ್ತಾ? ತೂಕದ ವಿಷಯ ಬೇರೆ ದಿನ ಮಾತಾಡಿ.

ಇನ್ನು ನನ್ನ ಕ್ಷೇತ್ರ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಟ್ಟು ಆಮೇಲೆ ಕಲ್ಚರ್‌ಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್) ತರಬೇಡಿ, ಏನೂ ಬೆಳೆಯದೇ ಹೋಗಬಹುದು. ತೊಳೆದ ಹಾರ್ಲಿಕ್ಸ್ ಬಾಟಲಿಯಲ್ಲಿ ತರುತ್ತಾರೆ, ಅದೂ ಬೇಡ. ಲ್ಯಾಬ್ ಕೊಡುವ ಸ್ಟೆರೈಲ್ (ಕ್ರಿಮಿ ಇಲ್ಲದ) ಡಬ್ಬವೇ ಬೇಕು. ಮೂತ್ರ ಬರುವ ಜಾಗವನ್ನು ಬರೀ ನೀರಿನಲ್ಲಿ ತೊಳೆದು, ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಹಿಡಿಯಿರಿ. ಡಬ್ಬದ ಒಳಗೆ ಬೆರಳು ತಾಗಿಸಬೇಡಿ. ಆದಷ್ಟು ಒಂದು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಕಲ್ಚರ್ ರಿಪೋರ್ಟ್‌ಗೆ 2-3 ದಿನ ಬೇಕು. ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಬಾರ್ಲಿ ನೀರು ಕುಡಿಸಿ, ಪರವಾಗಿಲ್ಲ, ಆದರೆ ಅದು ಔಷಧಿಯ ಬದಲಿಗಲ್ಲ. ಪದೇ ಪದೇ ಆಗುತ್ತಿರುವುದರಿಂದ ಕಿಡ್ನಿ ಸ್ಕ್ಯಾನ್ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲೂ ತೋರಿಸಬಹುದು. ಚಳಿಜ್ವರ, ವಾಂತಿ, ಪಕ್ಕೆ ನೋವು ಶುರುವಾದರೆ ಮಾತ್ರ ರಿಪೋರ್ಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.